ನಮ್ಮ ಹಾಲ್ ಎಷ್ಟು ಮೀಟರ್?

"ರೇಂಜಿಗೂ ಆಗಬೇಕು, ಮನೆ ಸೇಫ್ಟಿಗೂ ಆಗಬೇಕು, ಒಂದು ಒಳ್ಳೆ ಪಿಸ್ತೂಲ್ ಹೇಳೋ ಮಾರಾಯ."

ವರ್ಷಕ್ಕೆ ಮೂರ್ನಾಲ್ಕು ಸಲ ಯಾರಾದರೂ ನನ್ನನ್ನು ಹೀಗೆ ಕೇಳುತ್ತಾರೆ. ನಾನು ಕೋವಿ ಇದ್ದ ಮನೆಯಿಂದ ಬಂದವನು ಅಂತ ಟೀಮಿನಲ್ಲಿ ಗೊತ್ತು. ಶನಿವಾರ ಬೆಳಿಗ್ಗೆ ಏರ್ ಪಿಸ್ತೂಲ್ ರೇಂಜಿಗೆ ಹೋಗ್ತೀನಿ ಅಂತಲೂ ಗೊತ್ತು. ಕೇಳುವ ಹೊತ್ತಿಗೆ ಅವರು ಹತ್ತು ರಿವ್ಯೂ ವಿಡಿಯೋ ನೋಡಿ ಮುಗಿಸಿರುತ್ತಾರೆ. ತೂಕ ಎಷ್ಟು, ಎಷ್ಟು ಗುಂಡು ಹಿಡಿಸ್ತದೆ, ನಳಿಗೆ ಎಷ್ಟುದ್ದ ಅಂತ ಎಲ್ಲ ಬಾಯಿಪಾಠ. ಮೊಬೈಲ್ ಕೊಳ್ಳುವ ಮುಂಚೆ ನಾವು ಮಾಡುವುದೂ ಇದನ್ನೇ ಅಲ್ಲವೇ. ಹಾಗಾಗಿ ಇದನ್ನು ಆ ರಿವ್ಯೂಗಳ ಮೇಲೊಂದು ರಿವ್ಯೂ ಅಂದುಕೊಳ್ಳಿ.

ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ನಮ್ಮ ಮಲೆನಾಡಿನಲ್ಲಿ ಒಂಟಿ ಮನೆ ಅಂದರೆ ನಿಜಕ್ಕೂ ಒಂಟಿ. ಕೂಗಿದರೆ ಪಕ್ಕದ ಮನೆಗೆ ಕೇಳುವುದಿಲ್ಲ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಮಕ್ಕಳು ಬೆಂಗಳೂರಿಗೋ ಡಲ್ಲಾಸಿಗೋ ಹೋಗಿ, ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುತ್ತಾರೆ. ಅಡಿಕೆ ಮಾರಿದ್ದು ಯಾವಾಗ ಅನ್ನೋದು ಊರಿಗೆಲ್ಲ ಗೊತ್ತಿರುತ್ತದೆ. ಅಂಥ ಒಂದು ಮನೆಗೆ ಕಳ್ಳರು ನುಗ್ಗಿದ ಸುದ್ದಿ ಪೇಪರಿನಲ್ಲಿ ಬಂದ ದಿನ, ಇಲ್ಲಿ ಅಪಾರ್ಟ್‌ಮೆಂಟಿನ ಹನ್ನೊಂದನೇ ಮಹಡಿಯಲ್ಲಿ ಮಲಗಿದ ಮಗನಿಗೆ ನಿದ್ದೆ ಬರುವುದಿಲ್ಲ. ಆ ಹೆದರಿಕೆ ನನಗೂ ಇದೆ. ನನ್ನ ತಕರಾರು ಇರುವುದು ಅದಕ್ಕೆ ಸಿಗುತ್ತಿರುವ ಉತ್ತರದ ಮೇಲೆ.

ಮೊದಲಿಗೆ, "ರೇಂಜಿಗೂ ಮನೆಗೂ" ಅನ್ನುವ ಆ "ಗೂ"ಗಳನ್ನೇ ಬಿಡಿಸಿ ನೋಡೋಣ.

ರೇಂಜಿನಲ್ಲಿ ಒಳ್ಳೆ ಪಿಸ್ತೂಲ್ ಅಂದರೆ ಏನು? 10 ಮೀಟರ್ ಏರ್ ಪಿಸ್ತೂಲ್ ತಗೊಳ್ಳಿ. ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್, ಹೆಚ್ಚುಕಡಿಮೆ ಅಂಗಿಯ ಗುಂಡಿಯಷ್ಟು. ಒಂದೇ ಕೈಯಲ್ಲಿ ಹಿಡಿದು, 75 ನಿಮಿಷದಲ್ಲಿ 60 ಗುಂಡು ಹೊಡೆಯಬೇಕು. ಪಿಸ್ತೂಲಿನ ತೂಕ ಒಂದೂವರೆ ಕೆಜಿ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು ಅನ್ನೋದು ನಿಯಮ. ಅರ್ಧ ಲೀಟರ್ ಹಾಲಿನ ಪ್ಯಾಕೆಟ್ ತೂಗುವಷ್ಟು ಒತ್ತಿದರೆ ಗುಂಡು ಹೊರಟುಹೋಗುತ್ತದೆ. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ದಿನಿ ಮುಂತಾದ ಕಂಪನಿಗಳು ಇದಕ್ಕೇ ಹೆಸರಾದವು. ಹಿಡಿಕೆ ನಿಮ್ಮ ಅಂಗೈಗೆ ಅಚ್ಚು ಹೊಯ್ದ ಹಾಗೆ ಕೂರುತ್ತದೆ. ಟ್ರಿಗರ್ ಹಿಂದೆ, ಮುಂದೆ, ಓರೆ, ಹೇಗೆ ಬೇಕಾದರೂ ಸರಿಸಿಕೊಳ್ಳಬಹುದು. ಪ್ರತಿ ಸಲವೂ ನಿನ್ನೆಯ ಹಾಗೇ ಇವತ್ತೂ ಹೊಡೆಯಬೇಕು ಅನ್ನೋದು ಇಲ್ಲಿ ಗುಣಮಟ್ಟ.

ಮನೆಗೆ ಬೇಕಾದ ಪಿಸ್ತೂಲಿನಲ್ಲಿ ಇದೇ ಗುಣ ದೋಷವಾಗುತ್ತದೆ. ನಡುರಾತ್ರಿ, ಕತ್ತಲೆ, ನಡುಗುವ ಕೈ. ಅರ್ಧ ಕೆಜಿ ಟ್ರಿಗರ್ ಅಲ್ಲಿ ಅಪಾಯದ ವಸ್ತು. ಅಮೆರಿಕದ ವಿಮರ್ಶಕರು ಮನೆಗೆ ಅಂತ ಕೇಳಿದಾಗ ಗ್ಲಾಕ್ ಕಡೆ ಕೈ ತೋರಿಸುವುದು ಇದಕ್ಕೇ. 1982ರಲ್ಲಿ ಆಸ್ಟ್ರಿಯಾದ ಸೇನೆ ಒಪ್ಪಿಕೊಂಡ ಗ್ಲಾಕ್ 17ರಲ್ಲಿ ಇರುವುದು 34 ಬಿಡಿಭಾಗ. ಚೌಕಟ್ಟು ಪ್ಲಾಸ್ಟಿಕ್ಕಿನದು. ಟ್ರಿಗರಿಗೆ ಸುಮಾರು ಎರಡೂವರೆ ಕೆಜಿ ಒತ್ತಡ ಬೇಕು, ಅಂದರೆ ಏರ್ ಪಿಸ್ತೂಲಿನ ಐದು ಪಟ್ಟು. ಮಣ್ಣಿಗೆ ಬಿದ್ದರೂ, ಒಂದು ವಾರ ಎಣ್ಣೆ ಕಾಣದಿದ್ದರೂ ಒತ್ತಿದರೆ ಹಾರಬೇಕು, ಒತ್ತದಿದ್ದರೆ ಹಾರಬಾರದು. ಅಂಗಿಯ ಗುಂಡಿಗೆ ಹೊಡೆಯುವ ಕೆಲಸ ಅದಕ್ಕಿಲ್ಲ.

ವ್ಯತ್ಯಾಸಕ್ಕೆ ಎಲ್ಲರೂ ನೋಡಿದ ಉದಾಹರಣೆ ಟೋಕಿಯೊ ಒಲಿಂಪಿಕ್ಸಿನದು. 10 ಮೀಟರ್ ಅರ್ಹತಾ ಸುತ್ತಿನ ನಡುವೆ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟಿತು. ಹೊರಗೆ ಹೋಗಿ ಸರಿಪಡಿಸಿಕೊಂಡು ಬಂದು ಉಳಿದ ಗುಂಡು ಹೊಡೆದರು, ಫೈನಲ್ ಸ್ವಲ್ಪದರಲ್ಲಿ ತಪ್ಪಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಎರಡು ಕಂಚು ಗೆದ್ದರು. ಆಟದಲ್ಲಿ ಕೈ ಎತ್ತಿ "ಕೆಟ್ಟಿದೆ" ಅನ್ನಬಹುದು, ಮತ್ತೊಂದು ಒಲಿಂಪಿಕ್ಸ್ ಬರುತ್ತದೆ. ನಡುರಾತ್ರಿ ಬಾಗಿಲಲ್ಲಿ ನಿಂತವನು ಅಷ್ಟು ಹೊತ್ತು ಕಾಯುತ್ತಾನೆಯೇ?

ಹಾಗಾದರೆ ಅಮೆರಿಕದ ಆ ವಿಡಿಯೋಗಳು ಸುಳ್ಳು ಹೇಳುತ್ತಿವೆಯೇ? ಇಲ್ಲ. ಅಲ್ಲಿ ಒಂದೇ ಪಿಸ್ತೂಲನ್ನು ಎರಡಕ್ಕೂ ಬಳಸಿ ಅನ್ನುವ ಮಾತಿಗೆ ಅರ್ಥವಿದೆ. ಮನೆಗಾಗಿ ಕೊಂಡ 9 ಎಂಎಂ ಪಿಸ್ತೂಲನ್ನೇ ತಿಂಗಳಿಗೆರಡು ಸಲ ರೇಂಜಿಗೆ ಒಯ್ದು, ನೂರಾರು ಗುಂಡು ಹೊಡೆದು, ಅದರ ಗುಣಾವಗುಣ ಕೈಗೆ ಹತ್ತಿಸಿಕೊಳ್ಳಬಹುದು. ಅಂಗಡಿ ತುಂಬ ಗುಂಡು ಸಿಗುತ್ತದೆ. ಅಲ್ಲೂ ನಮ್ಮವರಿಗೆ ಒಂದು ತೊಡಕಿದೆ ಅನ್ನೋದು ಬೇರೆ ಮಾತು: ಎಚ್-1ಬಿ ವೀಸಾದಲ್ಲಿ ಇರುವವರು ಅಲ್ಲಿನ ಫೆಡರಲ್ ಕಾನೂನಿನ ಪ್ರಕಾರ ಬಂದೂಕು ಇಟ್ಟುಕೊಳ್ಳುವಂತಿಲ್ಲ, ಬೇಟೆಯ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗಷ್ಟೇ ವಿನಾಯಿತಿ. ಡಲ್ಲಾಸಿನಲ್ಲಿರುವ ಗೆಳೆಯರು ಇದನ್ನು ಎರಡು ಸಲ ಓದಿಕೊಳ್ಳಿ.

ಇನ್ನು ನಮ್ಮ ದೇಶದ ಅಂಗಡಿಗೆ ಬನ್ನಿ. ವಿಡಿಯೋದಲ್ಲಿ ಹೊಗಳಿದ ಆ 9 ಎಂಎಂ ಗುಂಡು ಸೇನೆ, ಪೊಲೀಸರ ಗುಂಡು. ಅದನ್ನು ಹಾರಿಸಬಲ್ಲ ಪಿಸ್ತೂಲುಗಳೆಲ್ಲ ಶಸ್ತ್ರಾಸ್ತ್ರ ನಿಯಮಗಳಲ್ಲಿ ನಿಷೇಧಿತ ಪಟ್ಟಿಯಲ್ಲಿವೆ. ವಿದೇಶದಿಂದ ತರಿಸುವ ದಾರಿಯೂ ಸಾಮಾನ್ಯರಿಗೆ 1980ರ ದಶಕದಲ್ಲೇ ಮುಚ್ಚಿತು. ಅದಕ್ಕೇ ಆಗ ಬಂದಿದ್ದ ಹಳೇ ವಿದೇಶಿ ಪಿಸ್ತೂಲುಗಳು ಈಗಲೂ ಲಕ್ಷಗಟ್ಟಲೆಗೆ ಕೈ ಬದಲಾಗುತ್ತವೆ. ಸಾಮಾನ್ಯ ಲೈಸೆನ್ಸುದಾರನಿಗೆ ಉಳಿಯುವುದು ಮುಖ್ಯವಾಗಿ .32. ಈಗ ಮಾರುವ .32 ರಿವಾಲ್ವರಿನ ತೋಟಾ ವಿನ್ಯಾಸಗೊಂಡದ್ದು 1896ರಲ್ಲಿ. ನಮ್ಮ ಸರ್ಕಾರಿ ಕಾರ್ಖಾನೆ ವರ್ಷಗಟ್ಟಲೆ ಮಾಡಿದ ರಿವಾಲ್ವರಿನ ಮೂಲ ಬ್ರಿಟಿಷರ ವೆಬ್ಲಿ. ಹಳೆಯದು ಅಂದಮಾತ್ರಕ್ಕೆ ಕೆಟ್ಟದ್ದಲ್ಲ. ನಾವು ಇವತ್ತಿಗೂ ಬ್ಯಾಂಕುಗಳ ಕೋಬಾಲ್ ಕೋಡ್ ನಂಬಿಕೊಂಡು ಸಂಬಳ ಎಣಿಸುತ್ತಿಲ್ಲವೇ. ಆದರೆ ಆ ವಿಡಿಯೋದ ಹೋಲಿಕೆ ಪಟ್ಟಿ ಇಲ್ಲಿಗೆ ಅನ್ವಯವಾಗುವುದಿಲ್ಲ ಅನ್ನುವುದನ್ನು ಯಾರೂ ಹೇಳುವುದಿಲ್ಲ.

ಇಲ್ಲಿನ ಸರಕನ್ನು ಇಲ್ಲಿನ ಮಾತಿನಲ್ಲೇ ಅಳೆಯೋಣ. ಎರಡು ಉದಾಹರಣೆ ಸಾಕು.

ಒಂದು, ನಿರ್ಭೀಕ್. 2014ರ ಜನವರಿಯಲ್ಲಿ ಕಾನ್ಪುರದಿಂದ ಬಂದ .32 ರಿವಾಲ್ವರ್. ಟೈಟಾನಿಯಂ ಮಿಶ್ರಲೋಹ, ಅರ್ಧ ಕೆಜಿ ತೂಕ, ಆಗಿನ ಬೆಲೆ 1,22,360 ರೂಪಾಯಿ. 2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ, ಆ ಹೆಣ್ಣುಮಗಳಿಗೆ ಪತ್ರಿಕೆಗಳು ಕೊಟ್ಟ ಹೆಸರಿನ ನೆರಳಲ್ಲೇ ಹೆಸರಿಟ್ಟು, ಹೆಂಗಸರಿಗಾಗಿ ಅಂತ ಪ್ರಚಾರ ಮಾಡಿದರು. ಒಡವೆ ಪೆಟ್ಟಿಗೆಯಂಥ ಕೆಂಗಂದು ಡಬ್ಬಿಯಲ್ಲಿಟ್ಟು ಕೊಡುತ್ತಿದ್ದರು. ವ್ಯಾನಿಟಿ ಬ್ಯಾಗಿನಲ್ಲಿ ಹಿಡಿಸುತ್ತದೆ, ಹಗುರ ಅನ್ನುವುದೇ ಮಾರಾಟದ ಮಾತು. ಹಗುರವಾದ ಬಂದೂಕು ಕೈಗೆ ಹೆಚ್ಚು ಒದೆಯುತ್ತದೆ ಅನ್ನುವುದು ಪಿಯುಸಿ ಫಿಸಿಕ್ಸ್. .32 ಮೆತ್ತನೆ ಗುಂಡು, ಹಾಗಾಗಿ ತಡೆದುಕೊಳ್ಳಬಹುದು. ಆದರೂ ಹೊಸಬರ ಕೈಯಲ್ಲಿ ಹಗುರ ಬಂದೂಕು ನಿಲ್ಲುವುದು ಕಷ್ಟ, ಗುರಿ ಹಿಡಿಯುವುದು ಇನ್ನೂ ಕಷ್ಟ. ಅಭ್ಯಾಸವಿಲ್ಲದವರಿಗೆ ಅನುಕೂಲ ಅಂತ ಮಾರಿದ ಗುಣ, ಅಭ್ಯಾಸವಿದ್ದವರಿಗೆ ಮಾತ್ರ ಒಗ್ಗುವಂಥದ್ದು. ಅದಕ್ಕಿಂತ ನನಗೆ ಚುಚ್ಚಿದ್ದು ಆ ಡಬ್ಬಿ. ಬಸ್ಸಿನಲ್ಲಿ, ಬೀದಿಯಲ್ಲಿ ಹೆಣ್ಣುಮಕ್ಕಳನ್ನು ಕಾಯಬೇಕಾದ ವ್ಯವಸ್ಥೆ, ಲಕ್ಷಕ್ಕೂ ಮೇಲೆ ಬೆಲೆ ಹಚ್ಚಿ "ನಿನ್ನನ್ನು ನೀನೇ ಕಾಪಾಡಿಕೋ ತಾಯಿ" ಅಂದ ಹಾಗಿತ್ತು.

ಎರಡು, ಪ್ರಬಲ್. 2023ರ ಆಗಸ್ಟಿನಲ್ಲಿ ಅದೇ ಕಾನ್ಪುರದ ಸರ್ಕಾರಿ ಕಂಪನಿ ಹೊರತಂದದ್ದು. ಗುಂಡಿನ ಉರುಳೆ ಪಕ್ಕಕ್ಕೆ ತೆರೆದುಕೊಳ್ಳುತ್ತದೆ, ಹಳೇ ಮಾದರಿಯಂತೆ ನಡು ಮುರಿಯಬೇಕಿಲ್ಲ. ಅದು ನಿಜವಾದ ಸುಧಾರಣೆ. ಆದರೆ ಸುದ್ದಿಗಳ ತಲೆಬರಹ ಮಾತ್ರ ಎಲ್ಲ ಕಡೆ ಒಂದೇ: 50 ಮೀಟರ್ ದೂರ ಹೊಡೆಯುವ ರಿವಾಲ್ವರ್! ನಮ್ಮ ಹುಡುಗರೂ ಅದನ್ನೇ ಫಾರ್ವರ್ಡ್ ಮಾಡಿದರು.

ಸ್ವಲ್ಪ ಲೆಕ್ಕ ಹಾಕಿ. ಬೆಂಗಳೂರಿನ 30-40ರ ಸೈಟು. ಮೂಲೆಯಿಂದ ಮೂಲೆಗೆ ಪೈಥಾಗೋರಸ್ ಪ್ರಕಾರ 50 ಅಡಿ, ಅಂದರೆ ಸುಮಾರು 15 ಮೀಟರ್. ಗೋಡೆಯೇ ಇಲ್ಲದೆ ಇಡೀ ಸೈಟು ಒಂದೇ ಹಾಲ್ ಆಗಿದ್ದರೂ ಅದಕ್ಕಿಂತ ದೂರ ಇಲ್ಲ. 16 ಅಡಿ ಹಾಲಿನಲ್ಲಿ 5 ಮೀಟರ್ ಸಿಗುವುದಿಲ್ಲ. 50 ಮೀಟರನ್ನು ರಸ್ತೆಯುದ್ದಕ್ಕೆ ಹಿಡಿದರೆ ಐದು ಮನೆ ದಾಟಿ ಆರನೇ ಮನೆಗೆ ಹೋಗುತ್ತದೆ. ಅಷ್ಟು ದೂರದಲ್ಲಿ ನಿಂತವನು ನಿಮ್ಮ ಮನೆಗೆ ಬಂದ ಕಳ್ಳ ಅಲ್ಲ, ಹಾಲು ತರಲು ಹೊರಟ ಯಾರೋ ನೆರೆಯವರು. ಮನೆ ರಕ್ಷಣೆಗೆ ಅಂತ ಕೊಳ್ಳುವವನಿಗೆ 50 ಮೀಟರ್ ಅನ್ನುವುದು ಗುಣವೇ ಅಲ್ಲ, ಜವಾಬ್ದಾರಿ.

ಕಾನೂನೂ ಆ ದೂರವನ್ನು ಹಾಗೇ ನೋಡುತ್ತದೆ. ಆತ್ಮರಕ್ಷಣೆಯ ಹಕ್ಕು ನಮಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲೂ ಅದು ಉಳಿದಿದೆ, ರಾತ್ರಿ ಮನೆ ಮುರಿದು ನುಗ್ಗುವವರ ವಿಷಯ ಪ್ರತ್ಯೇಕವಾಗಿಯೇ ಇದೆ. ಆದರೆ ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡಬಾರದು, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಹುಟ್ಟುವುದಿಲ್ಲ ಅನ್ನುವ ಮಿತಿಗಳೂ ಜೊತೆಗೇ ಇವೆ. ಗೇಟು ಹಾರಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ ನಾಳೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಇಷ್ಟಾದರೂ ಯಾವ ರಿವ್ಯೂನಲ್ಲೂ ಇಲ್ಲದ ಎರಡು ಸಂಗತಿ ಉಳಿದಿವೆ. ನನ್ನ ಲೆಕ್ಕದಲ್ಲಿ ಪಿಸ್ತೂಲಿಗಿಂತ ಅವೇ ದೊಡ್ಡವು.

ಮೊದಲನೆಯದು ಮನೆ. ಪಿಸ್ತೂಲನ್ನು ಎಲ್ಲಿಡುತ್ತೀರಿ? ಲೈಸೆನ್ಸಿನ ಅರ್ಜಿಯ ಜೊತೆ ಭದ್ರವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಬರೆದುಕೊಡಬೇಕು. ಮಕ್ಕಳಿರುವ ಮನೆಯಲ್ಲಿ ಮುಚ್ಚಳಿಕೆ ಇಲ್ಲದಿದ್ದರೂ ಲಾಕರಿನಲ್ಲೇ ಇಡಬೇಕು, ಗುಂಡು ಬೇರೆ ಕಡೆ ಇಡಬೇಕು. ಹಾಗಿಟ್ಟರೆ ರಾತ್ರಿ ಎರಡು ಗಂಟೆಗೆ ಕನ್ನಡಕ ಹುಡುಕಿ, ಬೀಗದ ಕೈ ಹುಡುಕಿ, ಗುಂಡು ತುಂಬುವಷ್ಟರಲ್ಲಿ ಬಂದವರು ಬಂದ ಕೆಲಸ ಮುಗಿಸಿರುತ್ತಾರೆ. ದಿಂಬಿನಡಿ ಇಟ್ಟರೆ ಕೈಗೆ ಸಿಗುತ್ತದೆ. ನಿಮ್ಮ ಕೈಗೆ ಮಾತ್ರ ಅಲ್ಲ, ಮನೆಯ ಎಲ್ಲರ ಕೈಗೂ. ಈ ಗಂಟನ್ನು ಯಾವ ಮಾಡೆಲ್ಲೂ ಬಿಡಿಸುವುದಿಲ್ಲ. ಹೊಡೆದ ಗುಂಡು ಗುರಿ ತಪ್ಪಿದರೆ ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು. ಬಾಗಿಲಿನ ಹಲಗೆಯಾಚೆ, ಕಿಟಕಿಯಾಚೆ ಮಲಗಿರುವವರು ಯಾರು?

ಹೊರಗಿನವನಿಗಾಗಿ ತಂದದ್ದು ಒಳಗಿನವರಿಗೇ ಮುಳುವಾಗುವುದನ್ನು ಬಹಳ ಹಿಂದೆಯೇ ಎಣಿಸಿದವರಿದ್ದಾರೆ. 1986ರಲ್ಲಿ ಆರ್ಥರ್ ಕೆಲರ್‌ಮನ್ ಮತ್ತು ಡೊನಾಲ್ಡ್ ರೇ ಅನ್ನುವ ವೈದ್ಯರು ಅಮೆರಿಕದ ಸಿಯಾಟಲ್ ಸುತ್ತಲಿನ ಕಿಂಗ್ ಕೌಂಟಿಯಲ್ಲಿ ಆರು ವರ್ಷಗಳ ದಾಖಲೆ ತೆಗೆದು ನೋಡಿದರು. ಬಂದೂಕು ಇದ್ದ ಮನೆಯೊಳಗೇ ಆ ಬಂದೂಕಿನಿಂದಾದ ಸಾವು 398. ಅದರಲ್ಲಿ 333 ಆತ್ಮಹತ್ಯೆ. ಆತ್ಮರಕ್ಷಣೆಗೆ ಹೊಡೆದದ್ದು 9. ಈ ಅಧ್ಯಯನಕ್ಕೆ ಟೀಕೆಯೂ ಬಂತು, ಟೀಕೆಯಲ್ಲಿ ಹುರುಳಿದೆ: ಸಾವನ್ನು ಮಾತ್ರ ಎಣಿಸಿದರೆ, ಬಂದೂಕು ನೋಡಿಯೇ ಓಡಿಹೋದ ಕಳ್ಳ ಲೆಕ್ಕಕ್ಕೆ ಸಿಗುವುದಿಲ್ಲ. ಆ ಊರು ನಮ್ಮ ಊರಲ್ಲ ಅನ್ನುವುದೂ ಸರಿ. ಹಾಗಿದ್ದರೂ 333 ಅನ್ನುವ ಸಂಖ್ಯೆಯನ್ನು ಪಕ್ಕಕ್ಕೆ ಸರಿಸಲು ನನಗಾಗುವುದಿಲ್ಲ. ಸಾಲದ ನೋಟೀಸು ಬಂದ ಮನೆ, ಹೆಂಡತಿ ತೀರಿಕೊಂಡು ಒಬ್ಬರೇ ಉಳಿದ ಅಪ್ಪ, ರಿಸಲ್ಟ್ ದಿನದ ಮಗ. ಮಲೆನಾಡಿನ ಹಳ್ಳಿಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ಕೆಲಸ. ನಮ್ಮ ಮನೆಯ ಕೋವಿ ಬೆಳೆ ರಕ್ಷಣೆಯ ಲೈಸೆನ್ಸಿನದು, ಒಂಟಿ ನಳಿಗೆಯ ತೋಟಾ ಕೋವಿ. ಅದಕ್ಕೆ ದಿನನಿತ್ಯದ ಕೆಲಸವಿತ್ತು. ತೋಟಕ್ಕೆ ಮಂಗ ಬಂದರೆ ಗಾಳಿಗೆ ಒಂದು ಈಡು, ಗದ್ದೆಗೆ ಹಂದಿ ಇಳಿದರೆ ಒಂದು ಬೆದರು ಈಡು. ಕೋವಿ ಗೋಡೆ ಮೇಲೆ, ತೋಟಾ ಪೆಟ್ಟಿಗೆಯಲ್ಲಿ, ಪೆಟ್ಟಿಗೆಯ ಬೀಗದ ಕೈ ಅಪ್ಪಯ್ಯನ ಉಡಿದಾರದಲ್ಲಿ. ಮಾರುದ್ದದ ವಸ್ತು, ಯಾರೂ ಕದ್ದು ಮುಚ್ಚಿ ತೆಗೆಯುವ ಹಾಗಿಲ್ಲ, ತೆಗೆದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಕೊಡಗಿನಲ್ಲಂತೂ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್ ಪೂವಿಟ್ಟು ಪೂಜೆ ಮಾಡುತ್ತಾರೆ. ಕೊಡವರಿಗೆ, ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ಕೊಟ್ಟ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಇಂಥ ಕಡೆ ಬಂದೂಕನ್ನು ಮುಟ್ಟುವುದು ಹೇಗೆ, ಮುಟ್ಟದಿರುವುದು ಹೇಗೆ ಅನ್ನುವುದು ಚಿಕ್ಕಂದಿನಿಂದ ನೋಡಿಯೇ ಬರುತ್ತದೆ.

ನಿಮ್ಮ ಬೀರುವಿನ ಪಿಸ್ತೂಲಿಗೆ ಅಂಥ ಕೆಲಸ ಏನಿದೆ? ಬರುತ್ತದೋ ಇಲ್ಲವೋ ಗೊತ್ತಿಲ್ಲದ ಒಂದು ರಾತ್ರಿಗಾಗಿ ಅದು ಕಾಯಬೇಕು. ಅಭ್ಯಾಸ ಮಾಡೋಣ ಅಂದರೆ ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದು ಅನ್ನುವುದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಪರೀಕ್ಷೆಯನ್ನೇ ಮಾಡದೆ ನೇರ ಪ್ರೊಡಕ್ಷನ್ನಿಗೆ ಬಿಟ್ಟ ಕೋಡ್ ಅದು. ಆಫೀಸಿನಲ್ಲಿ ಅಂಥದ್ದಕ್ಕೆ ನಾವು ಸಹಿ ಹಾಕುವುದಿಲ್ಲ.

ಇನ್ನೊಂದು ಮಾತು. ಚುನಾವಣೆ ಘೋಷಣೆಯಾದರೆ ಕೋವಿಯನ್ನು ಸ್ಟೇಷನ್ನಿಗೆ ಒಪ್ಪಿಸಿ ರಸೀದಿ ತರಬೇಕು. ಬೆಳೆಗಾರರು ಅದಕ್ಕೆ ಗೊಣಗುತ್ತಾರೆ. ಗೊಣಗುವುದು ಮಂಗ, ಹಂದಿಯ ಕಾರಣಕ್ಕೆ. ಕಳ್ಳರ ಹೆಸರು ಹೇಳಿ ಗೊಣಗಿದ್ದನ್ನು ನಾನು ನಮ್ಮೂರಿನಲ್ಲಿ ಇವತ್ತಿನವರೆಗೆ ಕೇಳಿಲ್ಲ. ಆ ವಾರಗಳಲ್ಲೂ ಮನೆ ಕಾಯುವುದು ನಾಯಿ, ಒಳಗಿನ ಅಗುಳಿ, ಮತ್ತು ದಿನಾ ಸಂಜೆ ಒಂದು ಸಲ ಬಂದು ಹೋಗುವ ಯಾರಾದರೂ.

ಹಾಗಂತ ಕೇಳಿದವರನ್ನು ಬರಿಗೈಲಿ ಕಳಿಸುವುದಿಲ್ಲ.

ರೇಂಜಿನ ಆಸೆ ಇದ್ದರೆ ಖಂಡಿತ ಹೋಗಿ. 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ. ಮೊದಲ ಆರು ತಿಂಗಳು ಕ್ಲಬ್ಬಿನ ಪಿಸ್ತೂಲಲ್ಲೇ ಹೊಡೆಯಿರಿ. ಕೊಳ್ಳುವ ದಿನ ಬಂದರೆ ಬ್ರ್ಯಾಂಡಿಗಿಂತ ಮೊದಲು ಹಿಡಿಕೆಯ ಅಳತೆ ನೋಡಿ. ಕಣ್ಣು ಮುಚ್ಚಿ ಕೈ ಎತ್ತಿ, ತೆರೆದಾಗ ಗುರಿಕಣ್ಣು ನೆಟ್ಟಗೆ ನಿಂತಿರಬೇಕು. ಬಿಡಿಭಾಗ, ರಿಪೇರಿ ಈ ಊರಿನಲ್ಲೇ ಸಿಗುತ್ತದೆಯೇ ಕೇಳಿ. ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಕೆನಡಾದಲ್ಲಿ ಸಾಫ್ಟ್‌ವೇರ್ ಇಂಜಿನಿಯರ್ ಆಗಿದ್ದವರು. ವಾಪಸ್ ಬಂದು ಪಿಸ್ತೂಲ್ ಹಿಡಿದು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸಿಗೂ ಹೋದರು. ನಮ್ಮ ಕಸುಬಿನವರಿಗೆ ಪಿಸ್ತೂಲ್ ಅಂದರೆ ನೆನಪಾಗಬೇಕಾದ್ದು ಅದು.

ಮನೆಯ ಚಿಂತೆ ಇದ್ದರೆ ಆ ಒಂದೂಕಾಲು ಲಕ್ಷದಲ್ಲಿ ಏನೇನು ಬರುತ್ತದೆ ಬರೆದುಕೊಳ್ಳಿ. ಹಿಂಬಾಗಿಲಿಗೆ ಗಟ್ಟಿ ಚಿಲಕ, ಅಂಗಳಕ್ಕೆ ಜನ ಸುಳಿದರೆ ಹತ್ತುವ ದೀಪ, ಕರೆಂಟು ಹೋದರೂ ನಡೆಯುವ ಕ್ಯಾಮೆರಾ, ಒಂದು ಜೋರು ಸೈರನ್, ಎರಡು ನಾಯಿಯ ವರ್ಷದ ಅನ್ನ. ಅಡಿಕೆ ದುಡ್ಡು ನೇರ ಬ್ಯಾಂಕಿಗೆ ಹೋಗಲಿ, ಅದು ಊರಿಗೂ ಗೊತ್ತಾಗಲಿ. 112ಕ್ಕೆ ಫೋನ್ ಮಾಡುವುದನ್ನು ಅಪ್ಪ ಅಮ್ಮ ಇಬ್ಬರಿಗೂ ಒಂದು ಸಲ ಕಲಿಸಿ. ನಿಜವಾದ ಬೆದರಿಕೆ ಇದೆ, ಪೊಲೀಸರಿಗೂ ಅದು ಮನವರಿಕೆಯಾಗಿದೆ, ಲೈಸೆನ್ಸ್ ಸಿಕ್ಕಿತು ಅನ್ನುವವರು ಇದ್ದೇ ಇರುತ್ತಾರೆ. ಅವರು ಹೆಚ್ಚು ದೂರ ಹೋಗುವುದನ್ನೂ ಹೆಚ್ಚು ಹಗುರ ಇರುವುದನ್ನೂ ಹುಡುಕಬೇಡಿ. ಪ್ರತಿ ಸಲ ಹಾರುವುದನ್ನು, ಕೈಯಲ್ಲಿ ನಿಲ್ಲುವಷ್ಟು ತೂಕ ಇರುವುದನ್ನು, ನಿಮ್ಮ ಬೆರಳಿಗೆ ಎಟುಕುವ ಟ್ರಿಗರ್ ಇರುವುದನ್ನು ಆರಿಸಿ. ಪಿಸ್ತೂಲಿಗೆ ಕೊಟ್ಟಷ್ಟೇ ಗಮನ ಲಾಕರಿಗೂ ತರಬೇತಿಗೂ ಕೊಡಿ. ಮನೆಯಲ್ಲಿ ಯಾರ ಮನಸ್ಸಾದರೂ ಕುಗ್ಗಿದ್ದರೆ ಅದನ್ನು ಮನೆಯೊಳಗೇ ತರಬೇಡಿ.

ಇದಕ್ಕೂ ಮುಂಚೆ ಒಂದು ಕೆಲಸ, ಇವತ್ತೇ ಆಗುವಂಥದ್ದು. ಹದಿನೈದು ಅಡಿಯ ಟೇಪು ತಗೊಂಡು ಮಲಗುವ ಕೋಣೆಯಿಂದ ಮುಂಬಾಗಿಲಿನವರೆಗೆ ಅಳೆಯಿರಿ. ದಾರಿಯಲ್ಲಿ ಯಾರ್ಯಾರು ಮಲಗುತ್ತಾರೆ ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಆಮೇಲೆ ಕೇಳಿ, ಯಾವ ಪಿಸ್ತೂಲ್ ಒಳ್ಳೇದು ಅಂತ.